ಬೀನ್ಸ್–ಚಿಯಾ ಸರದಿ: ನಡುವೆ ಮಳೆಗಾಲ ಬಂದರೆ ಗೊಬ್ಬರದ ಲೆಕ್ಕ ಬೇರೆ

ನಮ್ಮ ರಾಜ್ಯದಲ್ಲಿ ಚಿಯಾ ನೆಲೆಯೂರಿದ್ದು ಮೈಸೂರು, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ; ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದಕ್ಕೆ ಒತ್ತಾಸೆಯಾಗಿ ನಿಂತಿತು. ಆ ಬಯಲುಸೀಮೆಯ ಗೊಬ್ಬರದ ಪ್ರಮಾಣವನ್ನು ಮಲೆನಾಡಿನ ಮೂಡಿಗೆರೆ, ಕಳಸಕ್ಕೆ ಹಾಗೆಯೇ ತರಬಾರದು.

ಚಿಯಾ ಹಗಲು ಕಿರಿದಾದಾಗ ಹೂಬಿಡುವ ಬೆಳೆ. ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್ ಮೊದಲ ವಾರದೊಳಗೆ ಬಿತ್ತಬೇಕು. ತಡವಾದರೆ ಗಿಡ ಗಿಡ್ಡವಿರುವಾಗಲೇ ಹೂಬಂದು ಇಳುವರಿ ಕುಸಿಯುತ್ತದೆ. ಚಿಕ್ಕಮಗಳೂರಿನ ಪೂರ್ವಕ್ಕಿರುವ ಕಡಿಮೆ ಮಳೆಯ ಹೊಲಗಳಲ್ಲಿ ಜೂನ್‌ನಲ್ಲಿ ಬೀನ್ಸ್ ಹಾಕಿ, ಆಗಸ್ಟ್ ಕೊನೆಗೆ ಕೊಯ್ಲು ಮುಗಿಸಿ, ಅದೇ ನೆಲಕ್ಕೆ ಚಿಯಾ ಬಿತ್ತಬಹುದು. ಮೂಡಿಗೆರೆ, ಕಳಸದ ಮಳೆಗೆ ಜೂನ್‌ನ ಬೀನ್ಸ್ ನಿಲ್ಲದು. ಅಲ್ಲಿ ನೀರು ನಿಲ್ಲದ ಎತ್ತರದ ಜಾಗದಲ್ಲಿ ಚಿಯಾ ಮೊದಲು. ಜನವರಿಯಲ್ಲಿ ಅದನ್ನು ಕೊಯ್ದ ಮೇಲೆ ನೀರು ಕೊಟ್ಟು ಬೀನ್ಸ್. ಹೀಗಾಗಿ ಬೀನ್ಸ್‌ಗೂ ಮುಂದಿನ ಚಿಯಾಕ್ಕೂ ನಡುವೆ ಇಡೀ ಮಳೆಗಾಲ ಬರುತ್ತದೆ. ಬೀನ್ಸ್‌ಗೆ ಹಾಕಿ ಉಳಿದ ಸಾರಜನಕ ಅಷ್ಟರಲ್ಲಿ ತೊಳೆದುಹೋಗಿರುತ್ತದೆ, ಪೊಟ್ಯಾಷ್ ಕೂಡ ಸಾಕಷ್ಟು ಇಳಿದಿರುತ್ತದೆ. ರಂಜಕ ಎಲ್ಲಿಗೂ ಹೋಗದು, ಆದರೆ ಹುಳಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ.

ಅದಕ್ಕೇ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಸುಣ್ಣ. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸುಣ್ಣವನ್ನು ಬಿತ್ತನೆಗೆ ಮೂರು ನಾಲ್ಕು ವಾರ ಮೊದಲೇ ಮಣ್ಣಿಗೆ ಸೇರಿಸಬೇಕು. ಯೂರಿಯಾ, ಡಿಎಪಿ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಬೀನ್ಸ್ ದ್ವಿದಳ, ಸಾರಜನಕ ತಾನೇ ಮಾಡಿಕೊಳ್ಳುತ್ತದೆ ಎಂದು ಯೂರಿಯಾ ಬಿಡುವವರಿದ್ದಾರೆ. ಅಲಸಂದೆಯಷ್ಟು ಶಕ್ತಿ ಬೀನ್ಸ್ ಬೇರಿನ ಗಂಟಿಗಿಲ್ಲ. ಕಾಯಿ ಪೇಟೆಗೆ, ಬಳ್ಳಿ ಕೊಟ್ಟಿಗೆಗೆ ಹೋದರೆ ನೆಲಕ್ಕೆ ಉಳಿಯುವುದೂ ಅಲ್ಪವೇ. ಆದ್ದರಿಂದ ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ 25 ಕೆ.ಜಿ. ಸಾರಜನಕ, 40 ಕೆ.ಜಿ. ರಂಜಕ, 30 ಕೆ.ಜಿ. ಪೊಟ್ಯಾಷ್ ಕೊಡಿ. ಅಂಗಡಿಯ ಗೊಬ್ಬರದ ಲೆಕ್ಕದಲ್ಲಿ ಸೂಪರ್ ಫಾಸ್ಫೇಟ್ 250 ಕೆ.ಜಿ., ಎಂಒಪಿ 50 ಕೆ.ಜಿ., ಯೂರಿಯಾ ಸುಮಾರು 54 ಕೆ.ಜಿ. ಯೂರಿಯಾದಲ್ಲಿ ಅರ್ಧವನ್ನು ತಿಂಗಳ ಮೇಲೆ, ಮಣ್ಣು ಏರಿಸುವಾಗ ಹಾಕಿ. ಡಿಎಪಿಗಿಂತ ಸೂಪರ್ ಫಾಸ್ಫೇಟ್ ನನಗೆ ಮೇಲು, ಅದರಲ್ಲಿ ಗಂಧಕವೂ ಕ್ಯಾಲ್ಸಿಯಂ ಅಂಶವೂ ಇದೆ.

ಚಿಯಾ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಸಾರಜನಕ ಹೆಚ್ಚಾದರೆ ಗಿಡ ಸೊಪ್ಪಾಗಿ ಎತ್ತರಕ್ಕೆ ಹೋಗಿ ಗಾಳಿಗೆ ಒರಗುತ್ತದೆ, ತೆನೆ ಒಂದೇ ಸಮ ಮಾಗದು. ಕಾಫಿಗೆ ತಂದು ಉಳಿದ ಮಿಶ್ರ ಗೊಬ್ಬರವನ್ನು ಅಂದಾಜಿನಲ್ಲಿ ಎರಚುವುದು ಬೇಡ. ಪೂರ್ವದ ಹೊಲದಲ್ಲಿ ಈಗಷ್ಟೇ ಗೊಬ್ಬರ ಉಂಡ ಬೀನ್ಸ್ ಹಿಂದೆ ಚಿಯಾ ಬರುವುದರಿಂದ, ಎಕರೆಗೆ ಅರ್ಧ ಮೂಟೆ ಯೂರಿಯಾ ಸಾಕೆಂಬುದು ನನ್ನ ಅಂದಾಜು. ಅದೂ ಎಲೆ ಬಿಳಿಚಿದರೆ ಮಾತ್ರ. ಮೂಡಿಗೆರೆ, ಕಳಸದಲ್ಲಿ ಒಂದು ಮೂಟೆಯವರೆಗೆ ಹೋಗಬಹುದು. ಮಳೆ ಹಿಂದೆಗೆದ ಮೇಲೆಯೇ ಎರಡು ಕಂತಾಗಿ ಕೊಡಿ, ಹೂವು ಕಾಣಿಸುವ ಮುನ್ನ ಮುಗಿಸಿ. ಮೊದಲ ವರ್ಷ ಒಂದು ಪಟ್ಟಿಗೆ ಯೂರಿಯಾ ಹಾಕದೆ ಬಿಟ್ಟು, ಅದರ ಕಾಳನ್ನು ಬೇರೆಯಾಗಿ ತೂಗಿ ನೋಡಿ.