ದಿನ ತುಂಬುವ ಮೊದಲೇ ನೀರು ಹೋದರೆ

ಹಸು ಈಯಲು ಸುಮಾರು 280 ದಿನ, ಎಮ್ಮೆಗೆ 310 ದಿನ ಬೇಕು. ಏಳೆಂಟು ತಿಂಗಳಿಗೇ ನೀರು ಜಿನುಗಿದರೆ ಹಲವರು ಗಂಜಲವಿರಬೇಕೆಂದು ಸುಮ್ಮನಿರುತ್ತಾರೆ. ಹಸು ಮಲಗಿದಾಗ ತಾನಾಗಿ ಹರಿಯುವ, ಕೈಗೆ ಜಾರುವ ನೀರಾದರೆ ಕರುವಿನ ನೀರುಚೀಲ ಒಡೆದಿರಬಹುದು. ಗರ್ಭಧಾರಣೆ ಮಾಡಿಸಿದ ದಿನಾಂಕ ಹುಡುಕಿಟ್ಟುಕೊಂಡು ಕೂಡಲೇ ಪಶುವೈದ್ಯರನ್ನು ಕರೆಸಿರಿ.

ಸ್ಕ್ಯಾನಿಂಗ್ ಸೌಲಭ್ಯವಿದ್ದಲ್ಲಿ ಕರುವಿನ ಗುಂಡಿಗೆ ಬಡಿಯುತ್ತಿದೆಯೇ, ಸುತ್ತ ನೀರೆಷ್ಟು ಉಳಿದಿದೆ, ಅದು ಕದಡಿದೆಯೇ ಎಂದು ನೋಡಬಹುದು. ಆದರೆ ಬಲಿತ ಕರು ದೊಡ್ಡದು. ಪರದೆಯಲ್ಲಿ ಒಂದೊಂದು ಭಾಗವಷ್ಟೇ ಕಾಣುತ್ತದೆ. ಒಮ್ಮೆ ನೋಡಿದಾಗ ಗುಂಡಿಗೆ ಸಿಗಲಿಲ್ಲವೆಂದರೆ ಕರು ಸತ್ತಿತೆಂದಲ್ಲ. ಸಿಕ್ಕಿತೆಂದು ನಿಶ್ಚಿಂತೆಯೂ ಬೇಡ, ಒಡೆದ ಚೀಲದ ಮೂಲಕ ನಂಜು ಒಳಗೇರಬಹುದು. ಅದನ್ನು ತಿಳಿಯಲು ಯಂತ್ರವೊಂದೇ ಸಾಲದು, ದಿನವೂ ಎರಡು ಹೊತ್ತು ಜ್ವರ ನೋಡಬೇಕು. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ದುರ್ವಾಸನೆ ಬಂದರೆ ಅಥವಾ ಮೇವು ಬಿಟ್ಟರೆ ಕರುವಿನ ಆಸೆಗೆ ಕಾಯುವಂತಿಲ್ಲ. ಹೆಣ್ಣುಗರು ಎದುರುನೋಡುತ್ತಿರುವ ಮನೆಯಲ್ಲಿ ಈ ಮಾತು ಹೇಳುವುದು ನಮಗೂ ಕಷ್ಟವೇ. ಆದರೂ ಹಸು ಉಳಿಯುವುದು ಮೊದಲು.

ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗವೂ ಇದ್ದೀತು. ಅದು ಮನುಷ್ಯರಿಗೂ ತಗಲುತ್ತದೆ. ಬರಿಗೈಯಲ್ಲಿ ಎಳೆಯಬೇಡಿ. ಬಿದ್ದ ಮಾಸನ್ನು ನಾಯಿಗಳಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಿರಿ.