ಒಡೆದ ಕೊಳವೆಯ ಸಾಕ್ಷ್ಯ

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ನೂರಕ್ಕೆ ಒಂಬತ್ತರಷ್ಟು ಹೆಚ್ಚುವುದೆಂಬುದನ್ನು ವಾಚಕರು ಪಾಠಪುಸ್ತಕದಲ್ಲಿ ಓದಿರುತ್ತಾರೆ. ಚಳಿಯ ದೇಶಗಳಲ್ಲಿ ಕೊಳವೆಗಳು ಒಡೆಯುವುದಕ್ಕೆ ಇದೇ ಕಾರಣವೆಂದೂ ಅಲ್ಲಿ ಹೇಳಿರುತ್ತದೆ. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದರ್ಧವನ್ನು ಅರಿಯದ ಗೃಹಸ್ಥನು ಮನೆಯನ್ನು ಉಳಿಸಿಕೊಳ್ಳುವುದರಲ್ಲಿಯೂ, ತರುವಾಯ ವಿಮೆಯ ಹಣವನ್ನು ಪಡೆಯುವುದರಲ್ಲಿಯೂ ಎಡವಬಹುದು.

ನಡೆದ ಸಂಗತಿಯೊಂದನ್ನೇ ತೆಗೆದುಕೊಳ್ಳೋಣ. ಅಮೆರಿಕದ ಟೆಕ್ಸಾಸ್ ಬಿಸಿಲಿಗೆ ಹೆಸರಾದ ಸಂಸ್ಥಾನ. 2021ರ ಫೆಬ್ರವರಿಯಲ್ಲಿ ಉತ್ತರ ಧ್ರುವದ ಕಡೆಯ ಶೀತವಾಯು ಅಲ್ಲಿಗೆ ಇಳಿದು ಬಂದಿತು. 16ನೆಯ ತಾರೀಖು ಡಾಲಸ್ ವಿಮಾನ ನಿಲ್ದಾಣದಲ್ಲಿ ಉಷ್ಣತೆ ಸೊನ್ನೆಗಿಂತ 19 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಕ್ಕಿಳಿಯಿತು. ವಿದ್ಯುತ್ ವ್ಯವಸ್ಥೆ ಕುಸಿದು 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಲ್ಲಿ ಮುಳುಗಿದುವು. ಸತ್ತವರು 246 ಮಂದಿ ಎಂಬುದು ಸಂಸ್ಥಾನದ ಆರೋಗ್ಯ ಇಲಾಖೆಯ ಲೆಕ್ಕ. ಅಲ್ಲಿನ ಅನೇಕ ಮನೆಗಳಲ್ಲಿ ನೀರಿನ ಕೊಳವೆಗಳು ಹೊರಗೋಡೆಯೊಳಗೂ ಛಾವಣಿಯಡಿಯ ಅಟ್ಟದಲ್ಲಿಯೂ ಹಾದುಹೋಗುತ್ತವೆ. ಚಳಿಗೆ ಒಗ್ಗಿದ ಉತ್ತರದವರು ಹಾಗೆ ಕಟ್ಟಲು ಹಿಂಜರಿಯುತ್ತಾರೆ. ಡಾಲಸ್, ಆಸ್ಟಿನ್‌ಗಳಲ್ಲಿ ಕನ್ನಡ ಕುಟುಂಬಗಳೂ ನೆಲಸಿರುವುದರಿಂದ ಇದು ನಮಗೆ ತೀರ ದೂರದ ಮಾತೂ ಅಲ್ಲ.

ಹಾಗಾದರೆ ಕೊಳವೆಯೊಳಗೆ ನಡೆಯುವುದೇನು? ಮಂಜುಗಡ್ಡೆ ಗೋಡೆಯನ್ನು ಪಕ್ಕಕ್ಕೆ ನೂಕಿ ಸೀಳುವುದೆಂದು ಊಹಿಸುವುದು ಸಹಜ. ಆದರೆ ಬೆಳೆಯುತ್ತಿರುವ ಗಡ್ಡೆಯು ತನ್ನ ಮುಂದಿನ ನೀರನ್ನು ಕೊಳವೆಯ ಉದ್ದಕ್ಕೆ ಸರಿಸಬಲ್ಲುದಾದರೆ ಗೋಡೆಗೆ ಹೆಚ್ಚಿನ ಅಪಾಯವಿಲ್ಲ. ಬೀದಿಯ ಕಡೆಯ ನೀರು ದೊಡ್ಡ ಕೊಳವೆಗೆ ಹಿಂದಿರುಗಿ ಹೋಗುತ್ತದೆ. ಮನೆಯ ಕಡೆಯ ನೀರಿಗೆ ದಾರಿಯಿಲ್ಲ: ಒಂದು ತುದಿಯಲ್ಲಿ ಗಡ್ಡೆಯ ಬಿರಡೆ, ಇನ್ನೊಂದು ತುದಿಯಲ್ಲಿ ಮುಚ್ಚಿದ ನಲ್ಲಿ. ಹೀಗೆ ಸೆರೆಸಿಕ್ಕ ನೀರೇ ಕೊಳವೆಯನ್ನು ಒಡೆಯುವುದೆಂಬುದನ್ನು 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗಗಳು ತೋರಿಸಿಕೊಟ್ಟುವು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಸೆರೆಸಿಕ್ಕ ನೀರಿನ ಕಂಬ 10 ಮೀಟರ್ ಉದ್ದವಿರಲಿ. ಅದರಲ್ಲಿ 1 ಮೀಟರ್ ಹೆಪ್ಪುಗಟ್ಟಲಿ. ಆ ಭಾಗ 9 ಸೆಂಟಿಮೀಟರ್ ಮುಂದಕ್ಕೆ ಬೆಳೆಯುತ್ತದೆ. ಉಳಿದ 9 ಮೀಟರ್ ನೀರು ಅಷ್ಟು ಕುಗ್ಗಬೇಕು, ಎಂದರೆ ನೂರಕ್ಕೆ ಒಂದು ಪಾಲು. ಇಷ್ಟು ಅಲ್ಪವೆಂದು ತೋರುವ ಕುಗ್ಗುವಿಕೆಗೆ ಬೇಕಾಗುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 220 ಮಡಿ! ಮನೆಯ ನಲ್ಲಿಯಲ್ಲಿ ಸಾಧಾರಣವಾಗಿ ಇರುವುದು ಅದರ ಮೂರು ನಾಲ್ಕು ಮಡಿ ಮಾತ್ರ. ಕೊಳವೆ ತಾನೂ ಕೊಂಚ ಹಿಗ್ಗುವುದರಿಂದ ನಿಜವಾದ ಒತ್ತಡ ಇದಕ್ಕಿಂತ ಕಡಮೆಯಾದೀತು. ಆದರೆ ಗಡ್ಡೆ ಇನ್ನೂ ಬೆಳೆದರೆ ಒತ್ತಡವೂ ಬೆಳೆಯುತ್ತದೆ.

ಆದುದರಿಂದ ಹೆಪ್ಪುಗಟ್ಟಿದ ಸ್ಥಳವೇ ಒಡೆದ ಸ್ಥಳವಾಗಿರಬೇಕೆಂಬ ನಿಯಮವಿಲ್ಲ. ಅಟ್ಟದಲ್ಲಿ ಗಡ್ಡೆ ಕಟ್ಟಿ, ಬೆಚ್ಚಗಿನ ಕೋಣೆಯ ಗೋಡೆಯೊಳಗೆ ಕೊಳವೆ ಸೀಳಬಹುದು. ತೊಟ್ಟಿಕ್ಕುವಂತೆ ಬಿಟ್ಟ ನಲ್ಲಿಯ ಉಪಕಾರವೂ ಇದರಿಂದ ತಿಳಿಯುತ್ತದೆ: ಆ ಸಣ್ಣ ಧಾರೆ ನೀರನ್ನು ಬೆಚ್ಚಗಿಡುವುದಕ್ಕಿಂತ ಹೆಚ್ಚಾಗಿ, ಸೆರೆಯಾದ ಒತ್ತಡಕ್ಕೆ ಬಾಗಿಲು ತೆರೆಯುತ್ತದೆ. ಇನ್ನೊಂದು ವಿಚಿತ್ರ: ಗಡ್ಡೆಯು ಬಿರಡೆಯಾಗಿರುವ ತನಕ ಸೀಳಿದ ಕೊಳವೆಯಿಂದ ಹೆಚ್ಚು ನೀರು ಸುರಿಯುವುದಿಲ್ಲ. ಚಳಿ ಇಳಿದು ಗಡ್ಡೆ ಕರಗಿದ ದಿನವೇ ಮನೆಯೆಲ್ಲ ನೀರಾಗುತ್ತದೆ. ಬಿಸಿಲು ಬಂತೆಂದು ಸಂತೋಷಪಡುವ ಮುನ್ನ ಮನೆಯ ಮುಖ್ಯ ತಿರುಪನ್ನು ಮುಚ್ಚಬೇಕು.

ಈಗ ವಿಮೆಯ ವಿಚಾರ. ಅಮೆರಿಕದ ಸಾಮಾನ್ಯ ಗೃಹವಿಮೆ ಹಠಾತ್ತಾಗಿ, ಆಕಸ್ಮಿಕವಾಗಿ ಹರಿದ ನೀರಿನ ನಷ್ಟವನ್ನು ತುಂಬಿಕೊಡುತ್ತದೆ. ತಿಂಗಳುಗಟ್ಟಲೆ ಒಸರಿದ ನೀರಿನದನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಒಡೆದ ಕೊಳವೆ ಇಲ್ಲಿ ಒಳ್ಳೆಯ ಸಾಕ್ಷಿ. ಒಳಗಿನ ಒತ್ತಡಕ್ಕೆ ಸಿಕ್ಕಿದ, ಎರಡು ತುದಿಯೂ ಮುಚ್ಚಿದ ತೆಳುಗೋಡೆಯ ಕೊಳವೆಯಲ್ಲಿ ಸುತ್ತಳತೆಯ ದಿಕ್ಕಿನ ಬಿಗಿತ ಉದ್ದದ ದಿಕ್ಕಿನದಕ್ಕೆ ಇಮ್ಮಡಿ. ಆದುದರಿಂದ ತಾಮ್ರದ ಕೊಳವೆ ಉಬ್ಬಿ, ಮೀನಿನ ಬಾಯಿಯಂತೆ ಉದ್ದಕ್ಕೆ ಸೀಳುತ್ತದೆ. ಕಿಲುಬು ಹಿಡಿದು ಸವೆದದ್ದಾದರೆ ಸಾಮಾನ್ಯವಾಗಿ ಸೂಜಿಯ ಮೊನೆಯಂಥ ತೂತಿರುತ್ತದೆ. ದುರಸ್ತಿಗೆ ಬಂದವನು ಆ ತುಂಡನ್ನು ಕಸಕ್ಕೆ ಎಸೆಯಲು ಬಿಡಬಾರದು.

ಮನೆಯನ್ನು ಬೆಚ್ಚಗಿಡಲು ತಕ್ಕ ಎಚ್ಚರ ವಹಿಸಿರಬೇಕು, ಇಲ್ಲವೆ ನೀರನ್ನು ನಿಲ್ಲಿಸಿ ಕೊಳವೆಗಳನ್ನು ಬರಿದು ಮಾಡಿರಬೇಕು ಎಂಬ ಷರತ್ತೂ ಇಂಥ ಪಾಲಿಸಿಗಳಲ್ಲಿ ಇರುತ್ತದೆ. ವಿದ್ಯುತ್ತೇ ಇಲ್ಲದವನನ್ನು ಏಕೆ ಬೆಚ್ಚಗಿಡಲಿಲ್ಲವೆಂದು ಕೇಳುವುದು ನಮ್ಮ ಅಭಿಪ್ರಾಯದಲ್ಲಿ ನ್ಯಾಯವಲ್ಲ. ಆದರೂ ವಿದ್ಯುತ್ ನಿಂತ ಹೊತ್ತು, ಅಲ್ಲಿಯ ತನಕ ಉರಿದ ಇಂಧನದ ಬಿಲ್ಲು, ಇವು ಕೈಯಲ್ಲಿದ್ದರೆ ವಾದಕ್ಕೆ ಬಲ. ನಷ್ಟ ಬೆಳೆಯದಂತೆ ತಡೆಯುವುದೂ ವಿಮೆದಾರನ ಹೊಣೆ: ಒದ್ದೆ ಗೋಡೆಯಲ್ಲಿ ಒಂದೆರಡು ದಿನಗಳಲ್ಲೇ ಬೂಷ್ಟು ಹಿಡಿಯಬಹುದು. ಮೊದಲು ಚಿತ್ರ ತೆಗೆದು, ಆಮೇಲೆ ನೀರನ್ನು ಬಳಿದು, ಒಣಗಿಸಬೇಕು.

ಟೆಕ್ಸಾಸ್ ಕಾನೂನಿನಂತೆ ದೂರು ತಲಪಿದ 15 ದಿನಗಳೊಳಗೆ ಕಂಪನಿ ಸಾಮಾನ್ಯವಾಗಿ ಉತ್ತರ ಕೊಡಬೇಕು; ದೊಡ್ಡ ಹವಾಮಾನ ವಿಪತ್ತಿನಲ್ಲಿ ಈ ಅವಧಿ ಇನ್ನೂ 15 ದಿನ ಬೆಳೆಯಬಹುದು. ಹೊಸ ಬೆಲೆಗೆ ವಿಮೆ ಮಾಡಿಸಿದ್ದರೂ ಹಣ ಹಲವು ವೇಳೆ ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಸವಕಳಿಯನ್ನು ಕಳೆದು ಕೊಡುತ್ತಾರೆ. ಉಳಿದದ್ದು ದುರಸ್ತಿ ಮುಗಿದ ಮೇಲೆ. ಬಡಗಿಯ, ಕೊಳಾಯಿ ಕೆಲಸದವನ ರಸೀದಿಗಳು ಆ ಎರಡನೆಯ ಕಂತಿಗಾಗಿ ಬೇಕಾಗುತ್ತವೆ.