ಅಜ್ಜನ ಮೆಡಲ್ಲು ಸಿಕ್ಕಿತೇ? ಕಾಗದಕ್ಕೆ ಲ್ಯಾಮಿನೇಷನ್ ಬೇಡ

ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ. ಮಹಾಯುದ್ಧಕ್ಕೆ ಹೋಗಿಬಂದ ಅಜ್ಜನ ಮೆಡಲ್ಲು, ಜೊತೆಗೆ ನಾಲ್ಕು ಮಡಿಕೆಯ ಡಿಸ್ಚಾರ್ಜ್ ಕಾಗದ ಸಿಗುತ್ತವೆ. ಮೆಡಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಕಾಗದವನ್ನು ಲ್ಯಾಮಿನೇಷನ್ ಮಾಡಿಸಲು ಜೆರಾಕ್ಸ್ ಅಂಗಡಿಗೆ ಒಯ್ಯುತ್ತಾರೆ. ಎರಡೂ ತಪ್ಪು. ಎರಡನೆಯದನ್ನಂತೂ ತಿದ್ದಲಾಗದು.

ಎರಡನೇ ಮಹಾಯುದ್ಧದ ಮೆಡಲ್ಲುಗಳಾದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್‌ಗಳಲ್ಲಿ ಹೆಸರು ಕೆತ್ತದೆ ಕೊಟ್ಟವು ಬಹಳ. ಅಂಥದ್ದು ನಿಮ್ಮಜ್ಜನದೇ ಎನ್ನಲು ಕಾಗದವೊಂದೇ ಸಾಕ್ಷಿ. ಇಂಥ ಕಾಗದದ ಬೆಲೆಗೆ ಹೊರಗಿನದೊಂದು ಉದಾಹರಣೆ: ಜರ್ಮನ್ ನೌಕಾಪಡೆ ಸಬ್‌ಮರೀನ್ ಬ್ಯಾಡ್ಜಿನ ಜೊತೆ ಹೆಸರು, ಹುದ್ದೆ ಬರೆದು ಸಹಿ ಹಾಕಿದ ಪತ್ರ ಕೊಡುತ್ತಿತ್ತು. ಸಂಗ್ರಹಕಾರರು ಇಂದಿಗೂ ಆ ಪತ್ರಗಳನ್ನು ಹುಡುಕಿ ಕೊಳ್ಳುತ್ತಾರೆ.

ಮೊದಲು ಕಾಗದವನ್ನು ನೆರಳಿನ ಬೆಳಕಿನಲ್ಲಿಟ್ಟು ಎರಡೂ ಮಗ್ಗುಲು ಫೋಟೊ ತೆಗೆಯಿರಿ. ಮಡಿಕೆ ಬಿಚ್ಚದಿದ್ದರೆ ಬಲವಂತ ಮಾಡಬೇಡಿ. ತುಕ್ಕು ಹಿಡಿದ ಗುಂಡುಸೂಜಿ ಮೆಲ್ಲಗೆ ತೆಗೆಯಿರಿ. ಹರಿದಲ್ಲಿ ಸೆಲೊಟೇಪ್ ಬೇಡ.

ಇನ್ನು ಲ್ಯಾಮಿನೇಷನ್. ಕಾಗದ ಭದ್ರವಾಯಿತು ಎಂದುಕೊಂಡೇ ಎಲ್ಲರೂ ಮಾಡಿಸುವುದು. ಆದರೆ ಆ ಯಂತ್ರದ ಬಿಸಿಗೆ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಮತ್ತೆ ಪ್ಲಾಸ್ಟಿಕ್ ಎಳೆದರೆ ಅಕ್ಷರವೂ ಕಿತ್ತು ಬರುತ್ತದೆ. ಒತ್ತಿದ ಉಬ್ಬುಮುದ್ರೆ ಚಪ್ಪಟೆಯಾಗುತ್ತದೆ. ಹಳೆ ಕಾಗದದೊಳಗಿನ ಆಮ್ಲ ಹೊರಹೋಗದೆ ಅಲ್ಲೇ ಕೆಲಸ ಮಾಡುತ್ತಿರುತ್ತದೆ. ವರ್ಷಗಳು ಕಳೆದಂತೆ ಕಾಗದ ಹೊಳೆವ ಕವಚದೊಳಗೇ ಕಂದಾಗಿ ಪುಡಿಯಾಗುತ್ತದೆ. ಅಂಗಡಿಯವರು ಎಷ್ಟೇ ಹೇಳಲಿ, ಜೆರಾಕ್ಸ್ ಪ್ರತಿಗೆ ಬೇಕಾದರೆ ಲ್ಯಾಮಿನೇಷನ್ ಮಾಡಿಸಿ. ಮೂಲವನ್ನು ಬಿಳಿ ಕಾಗದದ ನಡುವೆ ಮಲಗಿಸಿ, ಗಟ್ಟಿ ರಟ್ಟಿನ ಫೈಲಿನಲ್ಲಿ, ಗೆದ್ದಲು ಬಾರದ ಕಡೆ ಇಡಿ.

ಮೆಡಲ್ಲನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಮೊದಲ ಯುದ್ಧದ ಬೆಳ್ಳಿಯ ಮೆಡಲ್ಲಾದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ನಂಬರು, ಹುದ್ದೆ, ಹೆಸರು, ಪಡೆ ಇಂಗ್ಲಿಷಿನಲ್ಲಿರುತ್ತವೆ. ಎಸ್‌ಪಿಆರ್ ಎಂದಿದ್ದರೆ ಸ್ಯಾಪರ್, ಅಂದರೆ ಎಂಜಿನಿಯರ್ ಪಡೆಯ ಸಿಪಾಯಿ. ಹಬ್ಬಹಬ್ಬಕ್ಕೂ ತಿಕ್ಕಿದ ಮೆಡಲ್ಲಿನಲ್ಲಿ ಮೊದಲು ಸವೆಯುವುದು ಈ ಸಾಲೇ. ಹೆಸರಿಗಿಂತ ನಂಬರನ್ನು ನಂಬಿ. ಗುಮಾಸ್ತರು ನಮ್ಮ ಹೆಸರು, ಊರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ನೀಲಗುಂದದಂಥ ಊರಿನ ಹೆಸರನ್ನೂ ಹತ್ತು ಬಗೆಯಲ್ಲಿ ಬರೆಯಬಹುದು.

ಅಜ್ಜನ ಸೇವಾ ದಾಖಲೆ ಹುಡುಕುವಾಗ ಬಳ್ಳಾರಿ ಕಡೆಯವರು ಮೈಸೂರಿನ ಕಡೆ ಓಡಬೇಡಿ. 1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಪಡೆ. ನಮ್ಮ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಆದ್ದರಿಂದ ವೆಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟ್, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕಡೆ ಮೊದಲು ವಿಚಾರಿಸಿ. ಪತ್ರದಲ್ಲಿ ನಂಬರು, ಹುದ್ದೆ, ತಂದೆಯ ಹೆಸರು, ಅಂದಿನ ತಾಲ್ಲೂಕು ಬರೆಯಿರಿ. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು.

ಮಾರಾಟದ ಬಗ್ಗೆ ಒಂದೇ ಮಾತು: ಮೆಡಲ್ಲನ್ನೂ ಕಾಗದವನ್ನೂ ಬೇರೆ ಮಾಡಬೇಡಿ. 1972ರ ಪುರಾವಸ್ತು ಕಾಯ್ದೆಯಂತೆ ಐತಿಹಾಸಿಕ ಮೌಲ್ಯದ ದಾಖಲೆಗೆ 75 ವರ್ಷ, ವಸ್ತುವಿಗೆ 100 ವರ್ಷ ತುಂಬಿದರೆ ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಮನೆಯಲ್ಲಿ ಅಜ್ಜನನ್ನು ಕಂಡ ಹಿರಿಯರಿದ್ದರೆ ಈ ವಾರವೇ ಕೂತು, ಕೇಳಿ, ಬರೆದು ಅದೇ ಫೈಲಿಗೆ ಸೇರಿಸಿ.